ಚಲಿಸುವ ಗುರಿ: ಮುಖ್ಯ ಗ್ರಾಹಕನನ್ನು ಕಳೆದುಕೊಂಡ ಒಂದು ವಿಶ್ವ ಚಾಂಪಿಯನ್‌ಷಿಪ್‌ನ ಲೆಕ್ಕಾಚಾರ

ಕಳೆದ ತಿಂಗಳು ನಮ್ಮ ಸಂಸ್ಥೆಯ ಸದಸ್ಯರೊಬ್ಬರು ನನ್ನ ಕಚೇರಿಗೆ ಬಂದಿದ್ದರು. ಅವರು ಯಂತ್ರಭಾಗಗಳ ತಯಾರಕರು. ಲಾಭ ಏರಿದ ಕಾರಣ ಸಾಮಾಜಿಕ ಹೊಣೆಗಾರಿಕೆ ವೆಚ್ಚದ ಬಾಧ್ಯತೆ ಅವರ ಕಂಪನಿಗೆ ಇದೇ ಮೊದಲ ಬಾರಿಗೆ ಒದಗಿತ್ತು. ಪರಿಚಯದ ಯುವಕನೊಬ್ಬ ಡಬಲ್ ಟ್ರ್ಯಾಪ್ ಎಂಬ ಶೂಟಿಂಗ್ ಸ್ಪರ್ಧೆಗೆ ಅಭ್ಯಾಸ ಮಾಡುತ್ತಿದ್ದು, ನೆರವು ಕೋರಿದ್ದನಂತೆ. "ಸಾರ್, ಈ ಸ್ಪರ್ಧೆ ಈಗ ಒಲಿಂಪಿಕ್ಸ್‌ನಲ್ಲೇ ಇಲ್ಲವಂತೆ. ಇದಕ್ಕೆ ಕೊಟ್ಟ ಹಣ ಕಾನೂನಿನ ಲೆಕ್ಕಕ್ಕೆ ಬರುತ್ತದೆಯೇ? ಬಂದರೂ, ಮುಚ್ಚಿಹೋದ ಮಾರುಕಟ್ಟೆಗೆ ಬಂಡವಾಳ ಹಾಕಿದ ಹಾಗಾಗುವುದಿಲ್ಲವೇ?" ಎಂದು ಅವರು ಕೇಳಿದರು.

ಮೊದಲನೆಯ ಪ್ರಶ್ನೆಗೆ ಕಂಪನಿ ಕಾಯಿದೆಯನ್ನು ತೆರೆದು ನೋಡಿದರೆ ಉತ್ತರ ಸಿಗುತ್ತದೆ. ಅದನ್ನು ಲೇಖನದ ಕೊನೆಯಲ್ಲಿ ವಿವರಿಸಿದ್ದೇನೆ. ಎರಡನೆಯ ಪ್ರಶ್ನೆಯೇ ಕಠಿಣವಾದುದು. ಅದರ ಬೆನ್ನು ಹತ್ತಿ ಹೋದಾಗ, ಚಲಿಸುವ ಗುರಿಗೆ ಗುಂಡು ಹೊಡೆಯುವ ಕ್ರೀಡೆಯ ಅಂತರರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳು ವ್ಯಾಪಾರಸ್ಥರಾದ ನಮಗೆ ಬಹಳ ಪರಿಚಿತವಾದ ಒಂದು ಸಂಕಟವನ್ನು ಎದುರಿಸುತ್ತಿರುವುದು ಕಂಡುಬಂದಿತು. ಒಬ್ಬನೇ ದೊಡ್ಡ ಗ್ರಾಹಕನನ್ನು ನಂಬಿ ಬೆಳೆದ ಉದ್ಯಮಕ್ಕೆ ಆ ಗ್ರಾಹಕ ಒಂದು ದಿನ ಬೆನ್ನು ತಿರುಗಿಸಿದರೆ ಬರುವ ಸಂಕಟವೇ ಅದು.

ಚಾಂಗ್ವಾನ್‌ನಲ್ಲಿ ಬಂದ ಚಿನ್ನ

2018ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಚಾಂಗ್ವಾನ್ ನಗರದಲ್ಲಿ ವಿಶ್ವ ಶೂಟಿಂಗ್ ಚಾಂಪಿಯನ್‌ಷಿಪ್ ಜರುಗಿತು. ಪುರುಷರ ಡಬಲ್ ಟ್ರ್ಯಾಪ್‌ನಲ್ಲಿ ನಮ್ಮ ದೇಶದ ಅಂಕುರ್ ಮಿತ್ತಲ್ ಅವರು 150 ಗುರಿಗಳ ಪೈಕಿ 140ನ್ನು ಒಡೆದು, ಸಮಬಲವಾದಾಗ ನಡೆದ ಹೆಚ್ಚುವರಿ ಸುತ್ತಿನಲ್ಲಿ ಚೀನಾದ ಸ್ಪರ್ಧಿಯನ್ನು 4-3ರಿಂದ ಸೋಲಿಸಿ ವಿಶ್ವ ಚಾಂಪಿಯನ್ ಆದರು. ಇದೇ ಕೂಟದ ಮಹಿಳೆಯರ 10 ಮೀಟರ್ ಏರ್ ರೈಫಲ್‌ನಲ್ಲಿ ಅಂಜುಮ್ ಮೌದ್ಗಿಲ್ ಬೆಳ್ಳಿ ಗೆದ್ದರು. ಅಪೂರ್ವಿ ಚಂಡೇಲಾ ನಾಲ್ಕನೆಯವರಾದರು. ಈ ಇಬ್ಬರಿಂದಲೂ ಭಾರತಕ್ಕೆ ಟೋಕಿಯೋ ಒಲಿಂಪಿಕ್ಸ್‌ನ ಸ್ಥಾನಗಳು ದೊರೆತವು. ಚಿನ್ನ ಗೆದ್ದ ಮಿತ್ತಲ್ ಅವರಿಂದ ದೇಶಕ್ಕೆ ಅಂಥ ಸ್ಥಾನ ದೊರೆಯಲಿಲ್ಲ. ಏಕೆಂದರೆ ಅವರ ಸ್ಪರ್ಧೆಗೆ ಟೋಕಿಯೋದಲ್ಲಿ ಸ್ಥಾನವೇ ಇರಲಿಲ್ಲ. ನಾಲ್ಕನೆಯ ಸ್ಥಾನಕ್ಕೆ ಇದ್ದ ಬೆಲೆ ಮೊದಲನೆಯ ಸ್ಥಾನಕ್ಕಿಲ್ಲದ ಈ ವಿಚಿತ್ರವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕಾಗಿ ವಿನಂತಿ.

ಡಬಲ್ ಟ್ರ್ಯಾಪ್ ಎಂದರೆ ನೆಲದೊಳಗಿನ ಕಂದಕದಿಂದ ಯಂತ್ರಗಳು ಒಮ್ಮೆಗೇ ಎರಡು ತಟ್ಟೆಗಳನ್ನು ಆಕಾಶಕ್ಕೆ ಚಿಮ್ಮಿಸುವುದು, ಸ್ಪರ್ಧಿಯು ಒಂದೊಂದಕ್ಕೆ ಒಂದೊಂದೇ ಗುಂಡಿನಂತೆ ಎರಡನ್ನೂ ಒಡೆಯುವುದು. ಈ ತಟ್ಟೆಗೆ ಮಣ್ಣಿನ ಹಕ್ಕಿ ಎಂಬ ಹೆಸರಿದ್ದರೂ ಅದರಲ್ಲಿ ಮಣ್ಣಿಲ್ಲ. ಸುಣ್ಣದ ಕಲ್ಲಿನ ಪುಡಿ ಮತ್ತು ಡಾಂಬರಿನಂಥ ಅಂಟಿನ ಮಿಶ್ರಣ ಅದು. ವ್ಯಾಸ 110 ಮಿಲಿಮೀಟರ್, ತೂಕ ಸುಮಾರು 105 ಗ್ರಾಂ. ಹಿಂದೆ ಜೀವಂತ ಪಾರಿವಾಳಗಳನ್ನು ಹಾರಿಸಿ ಹೊಡೆಯುತ್ತಿದ್ದುದರ ಬದಲಿಗೆ ಬಂದದ್ದರಿಂದ ಹಕ್ಕಿಯ ಹೆಸರು ಉಳಿದುಕೊಂಡಿತು.

ನಮ್ಮ ದೇಶಕ್ಕೆ ಈ ಸ್ಪರ್ಧೆಯ ಋಣ ದೊಡ್ಡದು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಅವರು ಅರ್ಹತಾ ಸುತ್ತಿನಲ್ಲಿ 135, ಅಂತಿಮ ಸುತ್ತಿನಲ್ಲಿ 44, ಒಟ್ಟು 179 ಅಂಕ ಗಳಿಸಿ ಬೆಳ್ಳಿ ತಂದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯಲ್ಲಿ ದೊರೆತ ಮೊದಲ ಬೆಳ್ಳಿ ಅದು. ಮೂರನೆಯವರಾದ ಚೀನಾದ ಸ್ಪರ್ಧಿ 178ಕ್ಕೆ ನಿಂತರು. ಆ ಒಂದು ತಟ್ಟೆಯ ವ್ಯತ್ಯಾಸದಿಂದ ದೇಶದ ಶೂಟಿಂಗ್ ಕ್ರೀಡೆಗೆ ಹರಿದುಬಂದ ಹಣ ಮತ್ತು ಹುರುಪನ್ನು ಯಾವ ಖಾತೆಯಲ್ಲಿ ಜಮಾ ಮಾಡಬೇಕೋ ತಿಳಿಯದು.

1996ರಲ್ಲಿ ಒಲಿಂಪಿಕ್ಸ್ ಪ್ರವೇಶಿಸಿದ ಪುರುಷರ ಡಬಲ್ ಟ್ರ್ಯಾಪ್ 2016ರ ರಿಯೋ ನಂತರ ನಿರ್ಗಮಿಸಿತು. ಕೊನೆಯ ಒಲಿಂಪಿಕ್ ಚಿನ್ನ ಕುವೈತ್‌ನ ಫೆಹೈದ್ ಅಲ್-ದೀಹಾನಿ ಅವರದು. ಅವರ ದೇಶದ ಒಲಿಂಪಿಕ್ ಸಮಿತಿ ಅಮಾನತಿನಲ್ಲಿದ್ದುದರಿಂದ ಸ್ವತಂತ್ರ ಸ್ಪರ್ಧಿಯಾಗಿ ಅದನ್ನು ಗೆದ್ದರು. 2017ರಲ್ಲಿ, ಪುರುಷರಿಗೂ ಮಹಿಳೆಯರಿಗೂ ಸಮ ಅವಕಾಶ ಕಲ್ಪಿಸುವ ಸಲುವಾಗಿ, ಪುರುಷರ ಡಬಲ್ ಟ್ರ್ಯಾಪ್ ಸೇರಿದಂತೆ ಮೂರು ಪುರುಷ ಸ್ಪರ್ಧೆಗಳನ್ನು ತೆಗೆದು ಮೂರು ಮಿಶ್ರ ತಂಡ ಸ್ಪರ್ಧೆಗಳನ್ನು ಸೇರಿಸಲಾಯಿತು. ಉದ್ದೇಶ ನ್ಯಾಯಯುತವಾದುದೇ. ಆದರೆ ಸರಕಿನ ಗುಣಮಟ್ಟದಲ್ಲಿ ದೋಷವಿಲ್ಲದೆಯೂ ಖರೀದಿದಾರನ ನೀತಿ ಬದಲಾದಾಗ ಪೂರೈಕೆದಾರನಿಗೆ ಏನಾಗುತ್ತದೆಯೋ ಅದೇ ಡಬಲ್ ಟ್ರ್ಯಾಪ್‌ಗೂ ಆಯಿತು.

ಹಳಿಯ ಮೇಲೆ ಓಡುವ ಗುರಿ

ಇದೇ ಪೆಟ್ಟನ್ನು ಹನ್ನೆರಡು ವರ್ಷ ಮೊದಲೇ ತಿಂದ ಇನ್ನೊಂದು ಸ್ಪರ್ಧೆಯಿದೆ. ರನ್ನಿಂಗ್ ಟಾರ್ಗೆಟ್ ಎಂಬ ಹೆಸರಿನ ಇದು ನಮ್ಮಲ್ಲಿ ಅಷ್ಟು ಪರಿಚಿತವಲ್ಲದ ಕಾರಣ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಎರಡು ಗೋಡೆಗಳ ನಡುವೆ ಒಂದು ಕಿಂಡಿ. ಒಂದು ಗೋಡೆಯ ಮರೆಯಿಂದ ಗುರಿಯ ಹಾಳೆ ಹೊರಬಂದು, ಕಿಂಡಿಯುದ್ದಕ್ಕೂ ಓಡಿ, ಇನ್ನೊಂದು ಗೋಡೆಯ ಮರೆಗೆ ಸರಿಯುತ್ತದೆ. ಗುರಿ ಕಾಣಿಸುವವರೆಗೆ ಸ್ಪರ್ಧಿಯು ರೈಫಲ್‌ನ ಹಿಂಬದಿಯನ್ನು ಸೊಂಟದ ಮಟ್ಟದಲ್ಲೇ ಹಿಡಿದಿರಬೇಕು. ಕಂಡ ಮೇಲೆ ಎತ್ತಿ, ಭುಜಕ್ಕೊತ್ತಿ, ಗುರಿಯೊಡನೆ ರೈಫಲ್ಲನ್ನೂ ತಿರುಗಿಸುತ್ತಾ ಒಂದೇ ಗುಂಡು ಹೊಡೆಯಬೇಕು. 10 ಮೀಟರ್ ಸ್ಪರ್ಧೆಯಲ್ಲಿ ಕಿಂಡಿಯ ಅಗಲ 2 ಮೀಟರ್. ನಿಧಾನ ಓಟದಲ್ಲಿ ಗುರಿ 5 ಸೆಕೆಂಡು ಕಾಣಿಸುತ್ತದೆ, ವೇಗದ ಓಟದಲ್ಲಿ 2.5 ಸೆಕೆಂಡು ಮಾತ್ರ. ಪುರುಷರಿಗೆ 30 ನಿಧಾನ, 30 ವೇಗ, ಒಟ್ಟು 60 ಗುಂಡು. ಪರಮಾವಧಿ 600 ಅಂಕ. ಮಿಶ್ರ ಓಟವೆಂಬ ಇನ್ನೊಂದು ಬಗೆಯಲ್ಲಿ 40 ಗುಂಡುಗಳಿದ್ದು, ಮುಂದಿನ ಗುರಿ ಯಾವ ವೇಗದಲ್ಲಿ ಬರುವುದೆಂದು ಸ್ಪರ್ಧಿಗೆ ಮೊದಲೇ ತಿಳಿದಿರುವುದಿಲ್ಲ.

ಲೆಕ್ಕ ಮಾಡುವ ಚಟವಿರುವವರಿಗೆ ಇಲ್ಲಿ ಒಂದು ಸೊಗಸಿದೆ. ವೇಗದ ಓಟದಲ್ಲಿ ಗುರಿಯ ವೇಗ ಸೆಕೆಂಡಿಗೆ 80 ಸೆಂಟಿಮೀಟರ್. ಏರ್ ರೈಫಲ್‌ನ ಗುಂಡು ಸೆಕೆಂಡಿಗೆ ಸುಮಾರು 170 ಮೀಟರ್ ಹೋಗುತ್ತದೆಂದು ಹಿಡಿದರೆ 10 ಮೀಟರ್ ಕ್ರಮಿಸಲು ಒಂದು ಸೆಕೆಂಡಿನ ನೂರರಲ್ಲಿ ಆರು ಭಾಗ ಬೇಕು. ಅಷ್ಟರಲ್ಲಿ ಗುರಿ ಐದು ಸೆಂಟಿಮೀಟರ್‌ಗೆ ಸ್ವಲ್ಪ ಕಡಿಮೆ ಮುಂದೆ ಸರಿದಿರುತ್ತದೆ! ಆದ್ದರಿಂದ ಹಾಳೆಯ ನಡುವೆ ಗುರಿಯಿಡಲು ಒಂದು ಗುರುತನ್ನೂ, ಅದರ ಎರಡು ಪಕ್ಕಗಳಲ್ಲಿ ಅಂಕದ ವೃತ್ತಗಳನ್ನೂ ಮುದ್ರಿಸಿರುತ್ತಾರೆ. ಬಲಕ್ಕೆ ಓಡುವಾಗ ಒಂದು ವೃತ್ತ, ಎಡಕ್ಕೆ ಓಡುವಾಗ ಮತ್ತೊಂದು. ಸ್ಪರ್ಧಿ ನಡುವಿನ ಗುರುತಿಗೆ ಗುರಿಯಿಡುತ್ತಾನೆ, ಗುಂಡು ಹಿಂದಿನ ವೃತ್ತಕ್ಕೆ ಬೀಳುತ್ತದೆ. ಮುಂದಾಗಿ ಹೊಡೆಯಬೇಕಾದ ಅಂತರವನ್ನು ಹಾಳೆಯಲ್ಲೇ ಅಳವಡಿಸಿದಂತಾಯಿತು. 50 ಮೀಟರ್ ಸ್ಪರ್ಧೆಯಲ್ಲಿ ಓಡುವ ಕಾಡುಹಂದಿಯ ಚಿತ್ರವಿರುತ್ತದೆ. ಕಿಂಡಿಯ ಅಗಲ 10 ಮೀಟರ್, ಅವಧಿ ಅದೇ 5 ಹಾಗೂ 2.5 ಸೆಕೆಂಡು. ಅಲ್ಲಿ ವೇಗದ ಓಟದಲ್ಲಿ ಗುಂಡು ತಲುಪುವಷ್ಟರಲ್ಲಿ ಹಂದಿ ಅರ್ಧ ಮೀಟರಿಗೂ ಹೆಚ್ಚು ಓಡಿರುತ್ತದೆ.

ಇದು ಹೊಸ ಆಟವಲ್ಲ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲೇ 100 ಮೀಟರ್ ದೂರದ ಓಡುವ ಜಿಂಕೆಯ ಸ್ಪರ್ಧೆಯಿತ್ತು. ಸ್ವೀಡನ್ನಿನ ಆಸ್ಕರ್ ಸ್ವಾನ್ ಎಂಬವರು ಅಲ್ಲಿ 60ನೆಯ ವಯಸ್ಸಿನಲ್ಲಿ ಚಿನ್ನ ಗೆದ್ದರು. 1912ರಲ್ಲಿ 64ನೆಯ ವಯಸ್ಸಿನಲ್ಲಿ ಮತ್ತೆ ಚಿನ್ನ. 1920ರಲ್ಲಿ 72ನೆಯ ವಯಸ್ಸಿನಲ್ಲಿ ತಂಡದೊಡನೆ ಬೆಳ್ಳಿ. ಐವತ್ತು ದಾಟಿದ ನನ್ನಂಥವರು ಈ ಅಂಕಿಗಳನ್ನು ಓದಿ ಕೊಂಚ ನೆಟ್ಟಗೆ ಕೂರುವುದು ಸಹಜ. 1972ರಿಂದ 1988ರವರೆಗೆ 50 ಮೀಟರ್ ಸ್ಪರ್ಧೆ, 1992ರಿಂದ 2004ರವರೆಗೆ 10 ಮೀಟರ್ ಸ್ಪರ್ಧೆ ಒಲಿಂಪಿಕ್ಸ್‌ನಲ್ಲಿದ್ದವು. ಚೀನಾದ ಯಾಂಗ್ ಲಿಂಗ್ 1996 ಮತ್ತು 2000ದಲ್ಲಿ ಚಿನ್ನ ಗೆದ್ದರು. ರಾಥೋಡ್ ಬೆಳ್ಳಿ ಗೆದ್ದ ಅದೇ ಅಥೆನ್ಸ್‌ನಲ್ಲಿ ಜರ್ಮನಿಯ ಮಾನ್‌ಫ್ರೆಡ್ ಕುರ್ಜರ್ ಕೊನೆಯ ಚಿನ್ನ ಗೆದ್ದರು. 2008ರ ಬೀಜಿಂಗ್ ಪಟ್ಟಿಯಲ್ಲಿ ಈ ಸ್ಪರ್ಧೆಯ ಹೆಸರಿರಲಿಲ್ಲ. ಒಲಿಂಪಿಕ್ಸ್‌ನಲ್ಲಿ ಇದಕ್ಕೆ ಮಹಿಳೆಯರ ಪ್ರತ್ಯೇಕ ವಿಭಾಗ ಎಂದೂ ಇರಲಿಲ್ಲವೆಂಬುದನ್ನೂ ಹೇಳಬೇಕು.

ಮುಂದುವರಿಯುವ ಸಂಸ್ಥೆಯೇ, ಅಲ್ಲವೇ?

ಲೆಕ್ಕಪರಿಶೋಧಕರಾದ ನಾವು ಅನುಸರಿಸುವ 570ನೆಯ ಲೆಕ್ಕಪರಿಶೋಧನಾ ಮಾನದಂಡವು ಒಂದು ಸಂಸ್ಥೆ ಮುಂದುವರಿಯಬಲ್ಲದೇ ಎಂಬ ಸಂಶಯ ಹುಟ್ಟಿಸುವ ಲಕ್ಷಣಗಳನ್ನು ಪಟ್ಟಿ ಮಾಡುತ್ತದೆ. ಪ್ರಮುಖ ಮಾರುಕಟ್ಟೆಯ ಅಥವಾ ಪ್ರಮುಖ ಗ್ರಾಹಕನ ನಷ್ಟ ಅವುಗಳಲ್ಲೊಂದು. ಈ ಅಳತೆಯಲ್ಲಿ ರನ್ನಿಂಗ್ ಟಾರ್ಗೆಟ್ 2004ರ ನಂತರ ಕೆಲವೇ ವರ್ಷಗಳಲ್ಲಿ ಬಾಗಿಲು ಮುಚ್ಚಬೇಕಾಗಿತ್ತು. ಬಹುತೇಕ ದೇಶಗಳಲ್ಲಿ ಸರ್ಕಾರದ ಹಣ ಒಲಿಂಪಿಕ್ ಪದಕದ ಹಿಂದೆ ಹೋಗುತ್ತದೆ. ನಮ್ಮಲ್ಲಿ 2014ರಲ್ಲಿ ಆರಂಭವಾದ ಒಲಿಂಪಿಕ್ ಪೋಡಿಯಂ ಯೋಜನೆಯ ಹೆಸರೇ ಅದನ್ನು ಹೇಳುತ್ತದೆ. ಆದಾಗ್ಯೂ ಈ ಸ್ಪರ್ಧೆ ಮುಚ್ಚಲಿಲ್ಲ. 2016ರಲ್ಲಿ ಜರ್ಮನಿಯ ಸೂಲ್‌ನಲ್ಲಿ ಇದಕ್ಕೆಂದೇ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಚಾಂಗ್ವಾನ್‌ನಲ್ಲಿ ಅಂಕುರ್ ಮಿತ್ತಲ್ ತಟ್ಟೆ ಒಡೆದ ಅದೇ ಕೂಟದಲ್ಲಿ 10 ಮತ್ತು 50 ಮೀಟರ್‌ನ ಓಡುವ ಗುರಿಗಳೂ ಇದ್ದವು.

ಇದು ಹೇಗೆ ಸಾಧ್ಯವಾಯಿತು? ವೆಚ್ಚದ ರಚನೆಯನ್ನು ನೋಡಿದರೆ ಸ್ವಲ್ಪ ಅರ್ಥವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಡಬಲ್ ಟ್ರ್ಯಾಪ್‌ನಲ್ಲಿ 150 ಗುರಿಗಳಿಗೆ 150 ಕಾರ್ಟ್ರಿಡ್ಜ್ ಬೇಕು. ಒಂದೊಂದರಲ್ಲಿ ನಿಯಮದ ಪ್ರಕಾರ ಗರಿಷ್ಠ 24 ಗ್ರಾಂ ಸೀಸದ ಚರೆ. ಅಲ್ಲಿಗೆ ಒಬ್ಬ ಸ್ಪರ್ಧಿ ಒಂದು ಪಂದ್ಯದಲ್ಲಿ 3.6 ಕಿಲೋ ಸೀಸವನ್ನೂ 15.75 ಕಿಲೋ ತೂಕದ ತಟ್ಟೆಗಳನ್ನೂ ಖರ್ಚು ಮಾಡುತ್ತಾನೆ. ಇದು ಪಂದ್ಯದ ದಿನದ ಲೆಕ್ಕ ಮಾತ್ರ. ಅಭ್ಯಾಸದ ಲೆಕ್ಕ ಇದರ ಎಷ್ಟೋ ಪಟ್ಟು. 10 ಮೀಟರ್ ರನ್ನಿಂಗ್ ಟಾರ್ಗೆಟ್‌ನಲ್ಲಿ ಅರ್ಧ ಗ್ರಾಂ ಆಸುಪಾಸಿನ 60 ಗುಂಡುಗಳು, ಒಟ್ಟು 30 ಗ್ರಾಂ ಸೀಸ. ಅಂದರೆ ಮೊದಲನೆಯದರಲ್ಲಿ ಸುಡುವ ಸೀಸ ಎರಡನೆಯದರ ಸುಮಾರು 120 ಪಟ್ಟು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಂದರ ಚಲ ವೆಚ್ಚ ಅತ್ಯಧಿಕ, ಮತ್ತೊಂದರದು ಅತ್ಯಲ್ಪ.

ಸ್ಥಿರ ಆಸ್ತಿಗಳ ಕಡೆ ಬಂದರೆ ಚಿತ್ರ ತಲೆಕೆಳಗಾಗುತ್ತದೆ. ಸಾಮಾನ್ಯ ಟ್ರ್ಯಾಪ್ ರೇಂಜಿನ ಕಂದಕದಲ್ಲಿ 15 ಯಂತ್ರಗಳಿರುತ್ತವೆ; ಡಬಲ್ ಟ್ರ್ಯಾಪ್ ಬಳಸುವುದು ಅವುಗಳ ನಡುವಿನ ಮೂರನ್ನು, ಅಂದರೆ 7, 8 ಮತ್ತು 9ನೆಯವನ್ನು. ಒಲಿಂಪಿಕ್ಸ್‌ನಿಂದ ಈ ಸ್ಪರ್ಧೆ ಹೊರಬಿದ್ದರೂ ರೇಂಜಿನ ಒಂದು ಇಟ್ಟಿಗೆಯೂ ವ್ಯರ್ಥವಾಗಲಿಲ್ಲ, ಮರುದಿನವೇ ಅಲ್ಲಿ ಟ್ರ್ಯಾಪ್ ಆಡಬಹುದು. ಓಡುವ ಗುರಿಯ ಹಳಿ, ಬಂಡಿ, ವೇಗ ನಿಯಂತ್ರಕಗಳಿಗೆ ಬೇರೆ ಉಪಯೋಗವಿಲ್ಲ. ಅದನ್ನು ಈಗಾಗಲೇ ಹಾಕಿಸಿಕೊಂಡಿರುವ ದೇಶಕ್ಕೆ ಆ ಹಣ ಮರಳಿ ಬಾರದು. ನಡೆಸಿಕೊಂಡು ಹೋಗುವ ಖರ್ಚು ಮಾತ್ರ ಅಲ್ಪ. ಆದ್ದರಿಂದ ಅವರು ನಡೆಸುತ್ತಾರೆ. ಹೊಸದಾಗಿ ಹಾಕಿಸಬೇಕಾದವರು ಒಲಿಂಪಿಕ್ ಪದಕದ ಆಸೆಯಿಲ್ಲದೆ ಕೈಹಾಕುವುದು ಕಡಿಮೆ.

ಇದನ್ನು ಬರೆಯುವಾಗ ಹಿಂದಿನ ಇಬ್ಬರು ಕಕ್ಷಿದಾರರು ನೆನಪಾಗುತ್ತಿದ್ದಾರೆ. ಇಬ್ಬರೂ ಒಂದೇ ಖರೀದಿದಾರನಿಗೆ ಒಂದೇ ಬಗೆಯ ಭಾಗ ಪೂರೈಸುತ್ತಿದ್ದರು. ಖರೀದಿದಾರ ವಿನ್ಯಾಸ ಬದಲಿಸಿದಾಗ, ಸಾಧಾರಣ ಲೇತ್‌ಗಳಲ್ಲಿ ಕೆಲಸ ಮಾಡುತ್ತಿದ್ದವರು ಆರು ತಿಂಗಳೊಳಗೆ ಬೇರೆ ಕೆಲಸ ಹಿಡಿದರು. ಆ ಭಾಗಕ್ಕೆಂದೇ ವಿಶೇಷ ಯಂತ್ರ ಹಾಕಿಸಿದ್ದವರು, ಯಂತ್ರದ ಸಾಲ ತೀರಿ ಹೋಗಿದ್ದರಿಂದ, ಹಳೆಯ ಮಾದರಿಯ ಬಿಡಿಭಾಗಗಳ ಸಣ್ಣ ಮಾರುಕಟ್ಟೆಯನ್ನೇ ಹಿಡಿದುಕೊಂಡು ಉಳಿದರು. ಪುಸ್ತಕದಲ್ಲಿ ಆ ಯಂತ್ರದ ಮೌಲ್ಯ ವಸೂಲಾಗಬಹುದಾದ ಮೊತ್ತಕ್ಕಿಂತ ಹೆಚ್ಚು ಉಳಿದಿದ್ದಿದ್ದರೆ 28ನೆಯ ಲೆಕ್ಕ ಮಾನದಂಡದ ಪ್ರಕಾರ ಯಂತ್ರದ ಮೌಲ್ಯಕುಸಿತವನ್ನು ಬರೆದುಹಾಕುವ ಅಪ್ರಿಯ ಕೆಲಸ ನನ್ನ ಪಾಲಿಗೆ ಬರುತ್ತಿತ್ತು.

ಎರಡನೆಯ ಗ್ರಾಹಕ

ರನ್ನಿಂಗ್ ಟಾರ್ಗೆಟ್‌ಗೂ ಅಂಥ ಸಣ್ಣ ಮಾರುಕಟ್ಟೆಯೊಂದು ಉಳಿಯಿತು. ಅದು ಏಷ್ಯನ್ ಕ್ರೀಡಾಕೂಟ. ಒಲಿಂಪಿಕ್ಸ್ ಕೈಬಿಟ್ಟದ್ದನ್ನು ಏಷ್ಯಾ ಕೈಬಿಡಲಿಲ್ಲ. 2023ರ ಸೆಪ್ಟೆಂಬರ್ 25ರಂದು ಚೀನಾದ ಹಾಂಗ್‌ಝೌನಲ್ಲಿ ಪುರುಷರ 10 ಮೀಟರ್ ತಂಡ ಸ್ಪರ್ಧೆಯಲ್ಲಿ ನಡೆದದ್ದನ್ನು ನೋಡಿ. ತಲಾ ಮೂವರು, ಒಬ್ಬೊಬ್ಬರಿಗೆ 600ರಂತೆ ಪರಮಾವಧಿ 1,800 ಅಂಕ. ದಕ್ಷಿಣ ಕೊರಿಯಾ 1,668. ಉತ್ತರ ಕೊರಿಯಾ 1,668. ತಾಳೆಪಟ್ಟಿಯ ಎರಡು ಬದಿ ಇಷ್ಟು ಕರಾರುವಾಕ್ಕಾಗಿ ಕೂಡಿಬಂದರೆ ನಮಗೆ ಸಂತೋಷ, ಆಟಗಾರರಿಗೆ ಪ್ರಾಣಸಂಕಟ. ಆಗ ಹತ್ತರ ವೃತ್ತದ ನಟ್ಟನಡುವೆ ಬಿದ್ದ ಗುಂಡುಗಳನ್ನು ಎಣಿಸಲಾಯಿತು: ದಕ್ಷಿಣಕ್ಕೆ 39, ಉತ್ತರಕ್ಕೆ 29. ಚಿನ್ನ ದಕ್ಷಿಣದ ಪಾಲಾಯಿತು. ಮಹಿಳೆಯರ ತಂಡ ಸ್ಪರ್ಧೆಯಲ್ಲಿ ಉತ್ತರ ಕೊರಿಯಾ ಚಿನ್ನ ಗೆದ್ದಿತು. ಪುರುಷರ ವೈಯಕ್ತಿಕ ಚಿನ್ನಗಳೆರಡನ್ನೂ ಇಂಡೋನೇಷ್ಯಾದ ಮುಹಮ್ಮದ್ ಸೆಜಹ್ತೆರಾ ದ್ವಿ ಪುತ್ರ ಬಾಚಿಕೊಂಡರು; ಒಂದರ ಬೆಳ್ಳಿ ವಿಯೆಟ್ನಾಮಿಗೆ ಸಂದಿತು.

ಅದೇ ಕೂಟದಲ್ಲಿ ಭಾರತ ಶೂಟಿಂಗ್‌ನಿಂದ 22 ಪದಕಗಳನ್ನು ತಂದು ಇತಿಹಾಸ ನಿರ್ಮಿಸಿತು. ಅವುಗಳಲ್ಲಿ ಓಡುವ ಗುರಿಯದು ಒಂದೂ ಇಲ್ಲ. ಹಾರುವ ತಟ್ಟೆಯ ವಿಭಾಗದಲ್ಲಿ ಪುರುಷರ ಟ್ರ್ಯಾಪ್ ತಂಡಕ್ಕೆ ಚಿನ್ನ, ಮಹಿಳೆಯರ ತಂಡಕ್ಕೆ ಬೆಳ್ಳಿ ಬಂದವು. ನಮ್ಮ ಪರಂಪರೆಯೇ ಅಲ್ಲಿರುವುದು: 1962ರಲ್ಲಿ ಕೈರೋದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬಿಕಾನೇರಿನ ಕರ್ಣಿ ಸಿಂಗ್ ಅವರ ಟ್ರ್ಯಾಪ್ ಬೆಳ್ಳಿ, 2006ರಲ್ಲಿ ಜಾಗ್ರೆಬ್‌ನಲ್ಲಿ ಮಾನವ್‌ಜಿತ್ ಸಿಂಗ್ ಸಂಧು ಅವರ ಟ್ರ್ಯಾಪ್ ಚಿನ್ನ. ದೆಹಲಿಯ ತುಘಲಕಾಬಾದ್‌ನಲ್ಲಿ 1982ರ ಏಷ್ಯನ್ ಕೂಟಕ್ಕೆಂದು ಕಟ್ಟಿದ ರೇಂಜಿಗೆ ಕರ್ಣಿ ಸಿಂಗ್ ಅವರ ಹೆಸರೇ ಇದೆ.

ಡಬಲ್ ಟ್ರ್ಯಾಪ್‌ನವರ ಮುಂದಿದ್ದ ದಾರಿ ಬೇರೆ. ಯಂತ್ರದಂತೆಯೇ ಕೌಶಲವನ್ನೂ ಪಕ್ಕದ ಸ್ಪರ್ಧೆಗೆ ಹೊರಳಿಸಬಹುದಿತ್ತು. ಶ್ರೇಯಸಿ ಸಿಂಗ್ 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಡಬಲ್ ಟ್ರ್ಯಾಪ್ ಚಿನ್ನ ಗೆದ್ದವರು. ಮಹಿಳೆಯರ ಆ ಸ್ಪರ್ಧೆ ಒಲಿಂಪಿಕ್ಸ್‌ನಿಂದ ಅಥೆನ್ಸ್ ನಂತರವೇ ಹೋಗಿತ್ತು. ಅವರು 2024ರ ಪ್ಯಾರಿಸ್‌ನಲ್ಲಿ ಆಡಿದ್ದು ಟ್ರ್ಯಾಪ್. ಹಾಗೆಂದು ಈ ಹೊರಳಿಕೆ ಸುಲಭವೆಂದು ಭಾವಿಸಬಾರದು. ಡಬಲ್ ಟ್ರ್ಯಾಪ್‌ನಲ್ಲಿ ತಟ್ಟೆಗಳ ಹಾದಿ ಮೊದಲೇ ಗೊತ್ತಿರುತ್ತದೆ, ಎರಡನೆಯದನ್ನು ಹಿಡಿಯುವ ಅವಸರವೇ ಅದರ ಕಷ್ಟ. ಟ್ರ್ಯಾಪ್‌ನಲ್ಲಿ ತಟ್ಟೆ ಯಾವ ಕೋನಕ್ಕೆ ಚಿಮ್ಮುವುದೋ ತಿಳಿಯದು. ಬಂದೂಕು, ಕಂದಕ ಅವೇ ಆದರೂ ಹತ್ತು ವರ್ಷದ ಅಭ್ಯಾಸದಿಂದ ಮೈಗೂಡಿದ್ದನ್ನು ಮರೆಯಬೇಕು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ ಶೂಟಿಂಗ್ ಕ್ರೀಡೆಯನ್ನೇ ಸೇರಿಸದಿದ್ದುದರಿಂದ ಡಬಲ್ ಟ್ರ್ಯಾಪ್‌ಗೆ ಎರಡನೆಯ ಗ್ರಾಹಕನೂ ಇಲ್ಲದಾಯಿತು. ಆದ್ದರಿಂದಲೇ ನಮ್ಮ ಸದಸ್ಯರಿಗೆ ನಾನು ಹೇಳಿದ್ದು: ಹುಡುಗನಿಗೆ ನೆರವು ನೀಡಿ, ಆದರೆ ಟ್ರ್ಯಾಪ್ ಅಭ್ಯಾಸವೂ ಜೊತೆಗಿರಲಿ ಎಂದು ಅವನ ತರಬೇತುದಾರರೊಡನೆ ಮಾತನಾಡಿ, ಕಾರ್ಟ್ರಿಡ್ಜಿನ ಖರ್ಚೇ ದೊಡ್ಡದಾದ ಕಾರಣ ಮೂರು ವರ್ಷದ ಅಂದಾಜು ಪಟ್ಟಿಯನ್ನು ಮೊದಲೇ ತರಿಸಿಕೊಳ್ಳಿ.

ಕಾನೂನಿನ ಮಾತು

ಇನ್ನು ಮೊದಲನೆಯ ಪ್ರಶ್ನೆ. 2013ರ ಕಂಪನಿ ಕಾಯಿದೆಯ 135ನೆಯ ಕಲಮು ಜಾರಿಗೆ ಬಂದಾಗ ಗೊತ್ತುಪಡಿಸಿದ ಮಿತಿಗಳು ಹೀಗಿದ್ದವು: ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ. ಇವುಗಳಲ್ಲಿ ಯಾವುದಾದರೊಂದನ್ನು ತಲುಪಿದರೂ ಬಾಧ್ಯತೆ ಬರುತ್ತದೆ; ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟು ವೆಚ್ಚ ಮಾಡಬೇಕು. ಸಣ್ಣ ತಯಾರಕರನ್ನು ಹಿಡಿಯುವುದು ಸಾಮಾನ್ಯವಾಗಿ ಲಾಭದ ಮಿತಿಯೇ.

ಕಾಯಿದೆಯ ಏಳನೆಯ ಅನುಸೂಚಿಯಲ್ಲಿ ಗ್ರಾಮೀಣ ಕ್ರೀಡೆ, ರಾಷ್ಟ್ರಮಟ್ಟದಲ್ಲಿ ಮಾನ್ಯತೆ ಪಡೆದ ಕ್ರೀಡೆ, ಪ್ಯಾರಾಲಿಂಪಿಕ್ ಮತ್ತು ಒಲಿಂಪಿಕ್ ಕ್ರೀಡೆಗಳನ್ನು ಪ್ರೋತ್ಸಾಹಿಸುವ ತರಬೇತಿ ಸೇರಿದೆ. ಇಲ್ಲಿ ಶಾಸನ ಬಳಸಿರುವ ಪದ ಕ್ರೀಡೆ ಎಂದೇ ಹೊರತು ಸ್ಪರ್ಧಾ ವಿಭಾಗ ಎಂದಲ್ಲ. ಶೂಟಿಂಗ್ ಒಲಿಂಪಿಕ್ ಕ್ರೀಡೆಯೂ ಹೌದು, ರಾಷ್ಟ್ರೀಯ ಮಾನ್ಯತೆ ಪಡೆದ ಕ್ರೀಡೆಯೂ ಹೌದು. ಅದರ ಒಂದು ವಿಭಾಗ ಈಗಿನ ಒಲಿಂಪಿಕ್ ಪಟ್ಟಿಯಲ್ಲಿಲ್ಲ ಎಂಬ ಕಾರಣಕ್ಕೆ ತರಬೇತಿಯ ವೆಚ್ಚವನ್ನು ತಳ್ಳಿಹಾಕಲು ನನಗೆ ಆಧಾರ ಕಾಣುತ್ತಿಲ್ಲ.

ಎಚ್ಚರ ವಹಿಸಬೇಕಾದದ್ದು ಬೇರೆಡೆ. ವೆಚ್ಚವು ತರಬೇತಿಗೇ ಸಲ್ಲಬೇಕು. ಒಂದು ಪಂದ್ಯ, ಒಂದು ಬಹುಮಾನ ಸಮಾರಂಭ ಮುಂತಾದ ಬಿಡಿ ಕಾರ್ಯಕ್ರಮಗಳು ಲೆಕ್ಕಕ್ಕೆ ಬಾರವೆಂದು ಕೇಂದ್ರ ಕಂಪನಿ ವ್ಯವಹಾರಗಳ ಸಚಿವಾಲಯ 2014ರಲ್ಲೇ ಸುತ್ತೋಲೆ ಹೊರಡಿಸಿದೆ. 2021ರ ಜನವರಿಯ ತಿದ್ದುಪಡಿ ನಿಯಮಗಳ ಪ್ರಕಾರ, ತಮ್ಮ ಸರಕಿಗೆ ಪ್ರಚಾರ ದೊರೆಯಲೆಂದು ನೀಡುವ ಪ್ರಾಯೋಜಕತ್ವವೂ ಬಾರದು. ಸ್ಪರ್ಧಿಯ ಜಾಕೆಟ್ಟಿನ ಮೇಲೆ ಕಂಪನಿಯ ಹೆಸರು ಬೇಕೆನ್ನುವವರು ಅದನ್ನು ಜಾಹೀರಾತು ವೆಚ್ಚದಲ್ಲಿ ತೋರಿಸಲಿ. ಹೊಣೆಗಾರಿಕೆ ವೆಚ್ಚವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ವ್ಯವಹಾರದ ಖರ್ಚೆಂದು ಕಳೆಯಲು ಬರುವುದಿಲ್ಲವಾದ್ದರಿಂದ, ಎರಡನ್ನೂ ಒಂದೇ ಚೀಟಿಯಲ್ಲಿ ಬೆರೆಸಿದರೆ ಮುಂದೆ ತೊಂದರೆ ತಪ್ಪದು.

ಅದೇ 2021ರ ನಿಯಮಗಳಲ್ಲಿ ಒಂದು ಅನುಕೂಲವೂ ಇದೆ. ಭಾರತದ ಹೊರಗೆ ಮಾಡುವ ವೆಚ್ಚ ಸಾಮಾನ್ಯವಾಗಿ ಹೊಣೆಗಾರಿಕೆ ವೆಚ್ಚವಾಗದು. ಆದರೆ ರಾಷ್ಟ್ರಮಟ್ಟದಲ್ಲಿ ರಾಜ್ಯವನ್ನು ಅಥವಾ ಅಂತರರಾಷ್ಟ್ರೀಯ ಮಟ್ಟದಲ್ಲಿ ದೇಶವನ್ನು ಪ್ರತಿನಿಧಿಸುವ ಭಾರತೀಯ ಕ್ರೀಡಾಪಟುಗಳ ತರಬೇತಿಗೆ ವಿನಾಯಿತಿಯಿದೆ. ನಮ್ಮ ಸದಸ್ಯರ ಯುವಕ ರಾಜ್ಯ ತಂಡಕ್ಕೆ ಆಯ್ಕೆಯಾಗಿದ್ದಾನೆಂಬ ಪತ್ರವನ್ನು ಕಡತದಲ್ಲಿ ಇಟ್ಟುಕೊಳ್ಳುವಂತೆ ಸೂಚಿಸಿದ್ದೇನೆ. ಮಂಡಳಿಯ ನಿರ್ಣಯ, ತರಬೇತಿ ಸಂಸ್ಥೆಯ ಬಿಲ್ಲು, ಕಾರ್ಟ್ರಿಡ್ಜ್ ಖರೀದಿಯ ರಸೀತಿ, ಬಳಕೆಯ ಪುಸ್ತಕ ಇವೆಲ್ಲವೂ ಅದೇ ಕಡತದಲ್ಲಿರಬೇಕು. ಇಂಥದೇ ಪ್ರಸ್ತಾವ ಮುಂದಿರುವ ಇತರ ಸದಸ್ಯರು ಮೊದಲು ತಮ್ಮ ಲೆಕ್ಕಪರಿಶೋಧಕರೊಡನೆ ಸಮಾಲೋಚಿಸುವುದು ಲೇಸು.